ಅಂಚು ಕೂಡದ ಚಿಪ್ಪು

ಬಚ್ಚಲ ಒಲೆಗೆ ಚಿಪ್ಪು ಹಾಕುವಾಗ ಒಂದೊಂದನ್ನೂ ಕೈಯಲ್ಲಿ ತಿರುಗಿಸಿ, ಅಂಚು ನೋಡಿ, ಆಮೇಲೆ ಬೆಂಕಿಗೆ ಬಿಡುವ ಚಟವೊಂದು ನನಗೆ ಅಂಟಿಕೊಂಡಿದೆ. ಪುಸ್ತಕದವರು ಅದನ್ನು ಕರಟ ಎನ್ನುತ್ತಾರೆ, ನಮ್ಮಲ್ಲಿ ತೆಂಗಿನ ಚಿಪ್ಪು. ಒಂದು ಹಂಡೆ ನೀರು ಕಾಯಲು ಒಂದು ಪುಟ್ಟಿ ಚಿಪ್ಪು ಸಾಕು. ಆ ಪುಟ್ಟಿಯನ್ನು ಖಾಲಿ ಮಾಡಲು ನನಗೆ ಅರ್ಧ ಗಂಟೆ ಬೇಕು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತ ನಮ್ಮ ಯಜಮಾನರು, "ಏನೇ, ಚಿಪ್ಪಿಗೆ ಗಂಡು ನೋಡ್ತಿದೀಯಾ?" ಎಂದು ರೇಗಿಸುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ನಿಜ ಹೇಳಲು ಹೊರಟರೆ ಅವರ ಸ್ನಾನ ಇನ್ನೂ ತಡವಾಗುತ್ತದೆ. ನಿಮಗೆ ಸ್ನಾನದ ಅವಸರವಿಲ್ಲದಿದ್ದರೆ ಹೇಳುತ್ತೇನೆ, ಕೇಳಿ. ನಾನು ಓದಿದ್ದು ಏಳನೇ ಕ್ಲಾಸು. ಮಾತು ಹಿಂದುಮುಂದಾದರೆ ನೀವೇ ಜೋಡಿಸಿಕೊಳ್ಳಬೇಕು.

ಚಿಕ್ಕನಾಯಕನಹಳ್ಳಿಯ ಪೇಟೆಯಲ್ಲಿ ನಮ್ಮಪ್ಪ ಇಟ್ಟ ಪಾತ್ರೆ ಅಂಗಡಿ ಇದೆ. ಅಪ್ಪನ ನಂತರ ಅದನ್ನು ನಡೆಸುತ್ತಿರುವವರು ಇಬ್ಬರು: ನನ್ನ ಅಕ್ಕ ಗಿರಿಜೆ ಮತ್ತು ನಾನು. ನಡೆಸುವವಳು ಅಕ್ಕ, ಜೊತೆಗಿರುವವಳು ನಾನು ಎಂದರೆ ಸರಿಯಾದೀತು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ. ಏಕೆ ಎಂದು ಕೇಳಿದವರಿಗೆಲ್ಲ, "ಪಾತ್ರೆ ತೊಳೆಯೋಕಿಂತ ಮಾರೋದು ವಾಸಿ ಅನ್ನಿಸ್ತು" ಎಂದು ಹೇಳಿ ಕಳಿಸಿದ್ದಾಳೆ.

ಹೊಸ ಪಾತ್ರೆ ಮಾರುವುದರ ಜೊತೆಗೆ ನಮ್ಮಲ್ಲಿ ರಿಪೇರಿಗೂ ಪಾತ್ರೆ ತೆಗೆದುಕೊಳ್ಳುತ್ತೇವೆ. ಬಿಂದಿಗೆ ಸೊಟ್ಟ ತೆಗೆಯುವುದು, ತಳಕ್ಕೆ ಬೆಸುಗೆ ಹಾಕುವುದು, ಕಿತ್ತುಹೋದ ಹಿಡಿ ಕೂರಿಸುವುದು. ಕೆಲಸ ಮಾಡುವವರು ಹಿಂದಿನ ಓಣಿಯವರು. ಪಾತ್ರೆ ಇಸಿದುಕೊಳ್ಳುವುದು, ಹಿಂತಿರುಗಿಸುವುದು ನಾವು. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಹಳ್ಳಿಯಿಂದ, ಹಟ್ಟಿಯಿಂದ ಬರುತ್ತಿದ್ದ ಗಿರಾಕಿಗಳಿಗೂ ಅಷ್ಟೆ. ಹೀಗಾಗಿ ಅಪ್ಪ ಚೀಟಿಗೆ ಬದಲು ಚಿಪ್ಪು ಹಿಡಿದ. ನಮ್ಮ ಸೀಮೆಯಲ್ಲಿ ಬೇರೆ ಯಾವುದಕ್ಕೆ ಬರ ಬಂದರೂ ಚಿಪ್ಪಿಗೆ ಬರುವುದಿಲ್ಲ. ಕೊಬ್ಬರಿ ಒಡೆದ ಮನೆಯ ಮುಂದೆ ಗುಡ್ಡೆಗಟ್ಟಲೆ ಬಿದ್ದಿರುತ್ತದೆ. ಕಣ್ಣಿರುವ ಅರ್ಧ ಚಿಪ್ಪನ್ನು ಸುತ್ತಿಗೆಯಿಂದ ಒಂದೇಟು ಹಾಕಿ ಎರಡು ಹೋಳು ಮಾಡುವುದು. ಕಣ್ಣಿನ ಹೋಳಿಗೆ ದಾರ ಪೋಣಿಸಿ ಪಾತ್ರೆಗೆ ಕಟ್ಟುವುದು. ಇನ್ನೊಂದು ಹೋಳು ಗಿರಾಕಿಗೆ. ಪಾತ್ರೆ ಬಿಡಿಸಿಕೊಳ್ಳಲು ಬಂದಾಗ ಎರಡನ್ನೂ ಹಿಡಿದು ಕೂಡಿಸಿ ನೋಡಿದರೆ ಆಯಿತು. ಒಡೆದ ಚಿಪ್ಪಿನ ಅಂಚು ತನ್ನ ಜೋಡಿಗೆ ಬಿಟ್ಟು ಲೋಕದ ಬೇರಾವ ಚಿಪ್ಪಿಗೂ ಕೂಡುವುದಿಲ್ಲ. ಈಗ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ ಎಂದು ಹೇಳುವವರಿದ್ದಾರೆ. ಅಕ್ಕ ಒಪ್ಪುವುದಿಲ್ಲ. "ಫೋನು ಕೆಟ್ರೆ ಫೋನಿನ ರಿಪೇರಿಗೆ ಯಾವ ಚಿಪ್ಪು ಕೊಡ್ತಾರೆ?" ಎನ್ನುತ್ತಾಳೆ.

ಈ ಪದ್ಧತಿಯಲ್ಲಿರುವ ದೋಷ ನಿಮಗೆ ಆಗಲೇ ಹೊಳೆದಿರಬೇಕು. ತೆಂಗಿನ ಸೀಮೆಯವರ ಕೈಗೆ ಚಿಪ್ಪು ಕೊಟ್ಟರೆ ಅವರು ಅದನ್ನು ಒಲೆಗಲ್ಲದೆ ಇನ್ನೆಲ್ಲಿಗೆ ಹಾಕುತ್ತಾರೆ? ನಾಲ್ಕರಲ್ಲಿ ಒಬ್ಬರು ಬರಿಗೈಯಲ್ಲಿ ಬಂದು, "ಸೊಸೆ ನೀರೊಲೆಗೆ ತುರುಕ್ಬುಟ್ಲು ಕಣವ್ವ" ಎಂದು ನಿಲ್ಲುತ್ತಾರೆ. ಅಂಥವರಿಗೂ ಅಕ್ಕನಲ್ಲಿ ದಾರಿಯಿತ್ತು. ಪಾತ್ರೆಯ ಮೈ ಮೇಲಿನ ಗುರುತು ಕೇಳುತ್ತಾಳೆ. ಎಲ್ಲಿ ಸೊಟ್ಟ, ಎಲ್ಲಿ ಹಳೇ ತೇಪೆ, ಕಂಠ ಯಾವ ಕಡೆ ವಾಲಿದೆ. ನಮ್ಮ ಹೆಂಗಸರು ಮಕ್ಕಳ ಹುಟ್ಟಿದ ದಿನ ಮರೆತರೂ ಬಿಂದಿಗೆಯ ಸೊಟ್ಟ ಮರೆಯುವುದಿಲ್ಲ. ಹೇಳಿದ್ದು ಸರಿಯಾದರೆ ಪಾತ್ರೆ ಅವರದ್ದು.

ಅಕ್ಕನ ನಿಜವಾದ ಕೈಚಳಕ ಇದ್ದದ್ದು ತಪ್ಪು ತಿಳಿದುಕೊಂಡ ಗಿರಾಕಿಗಳ ಜೊತೆ. ಒಮ್ಮೆ ಬಿಳಿಗೆರೆ ಕಡೆಯ ತೋಟದ ಯಜಮಾನರೊಬ್ಬರು ಕಾಫಿ ಇಡುವ ಫ್ಲಾಸ್ಕು ಕೊಳ್ಳಲು ಬಂದರು. ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ನಮ್ಮ ಜನ ಏನು ಸಿಕ್ಕರೂ ಹಾಗೆಯೇ. ಅಟ್ಟದ ಮೇಲಿನ ಕಾಯಿ ಒಣಗಿ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ಕಿವಿಯಲ್ಲೇ ನೋಡಿ ಬೆಳೆದವರು. ಒಳಗೆ ಸದ್ದಾದರೆ ಕಾಯಿ ಸರಿಯಾಗಿದೆ ಎಂದು ಲೆಕ್ಕ. ಗಡಿಯಾರ, ಟಾರ್ಚು, ಕೊನೆಗೆ ಬಿಸ್ಕತ್ತಿನ ಡಬ್ಬವನ್ನೂ ಅಲ್ಲಾಡಿಸಿ ಕೇಳುತ್ತಾರೆ. ಯಜಮಾನರು ಸದ್ದಿಲ್ಲದ ಮೂರು ಫ್ಲಾಸ್ಕುಗಳನ್ನು ಪಕ್ಕಕ್ಕಿಟ್ಟರು. ನಾಲ್ಕನೆಯದು ಒಳಗಿನಿಂದ ಗಿಲಗಿಲ ಎಂದಿತು. ಅದರ ಗಾಜು ಒಡೆದಿತ್ತು. "ಇದು ಸರ್ಯಾಗೈತೆ. ಇದನ್ನೇ ಕೊಡವ್ವ" ಎಂದರು.

ನಾನು ನಗು ತಡೆಯಲಾರದೆ ಒಳಗೆ ಓಡಿದೆ. ಅಕ್ಕ ಮಾತ್ರ ತುಟಿ ಅಲುಗಿಸಲಿಲ್ಲ. "ಅಯ್ಯೋ ಅಣ್ಣ, ಇದು ಬ್ಯಾರೇರಿಗೆ ಎತ್ತಿಟ್ಟಿದ್ದು ಕಣಣ್ಣ. ಗ್ಯಾಪಕ ಇಲ್ದೆ ನಿಮ್ ಮುಂದೆ ಇಟ್ಬುಟ್ಟೆ. ನಂದೇ ತಪ್ಪು" ಎಂದು ಮೆಲ್ಲಗೆ ಅದನ್ನು ಹಿಂದಕ್ಕೆ ಎಳೆದುಕೊಂಡಳು. ಯಜಮಾನರು ಉಳಿದ ಮೂರರಲ್ಲಿ ಒಂದನ್ನು ಕೊಂಡು, "ಮೊದ್ಲೇ ಹೇಳಬಾರ್ದಾ" ಎಂದು ಅಕ್ಕನನ್ನೇ ಗದರಿ ಹೋದರು. ಅಕ್ಕ ತಲೆಯಾಡಿಸಿದಳು.

ಇದೇ ಅವಳ ದಾರಿ. ಬೇರೆ ಅಂಗಡಿಯಲ್ಲಿ ಕೊಂಡ ಡಬ್ಬಕ್ಕೆ ಮುಚ್ಚಳ ಕೂರುತ್ತಿಲ್ಲ ಎಂದು ನಮ್ಮಲ್ಲಿಗೆ ಜಗಳಕ್ಕೆ ಬಂದವರಿಗೂ, ನಿನ್ನೆ ತಾವೇ ಆರಿಸಿದ ತಟ್ಟೆಯನ್ನು ಇವತ್ತು ತಂದು ಇದು ನಾನು ಕೇಳಿದ್ದಲ್ಲ ಎಂದವರಿಗೂ ಮೊದಲು ಕುಡಿಯಲು ನೀರು, ಆಮೇಲೆ "ನಂದೇ ತಪ್ಪು". ಗಿರಾಕಿಗೆ ನೀನು ತಪ್ಪು ಎಂದರೆ ಅವನು ಸುಳ್ಳನ್ನಾದರೂ ಹೇಳಿ ಗೆಲ್ಲಲು ನೋಡುತ್ತಾನೆ, ತಪ್ಪು ನನ್ನದು ಎಂದರೆ ಅವನೇ ನಿಂತು ಯೋಚಿಸುತ್ತಾನೆ ಎಂದು ಅವಳು ಹೇಳುತ್ತಿದ್ದಳು. ನಾನೂ ಒಮ್ಮೆ ಪ್ರಯತ್ನಪಟ್ಟೆ. ಮೇಷ್ಟ್ರೊಬ್ಬರು ಕುಕ್ಕರ್ ತಂದು ಶಿಳ್ಳೆ ಬರುತ್ತಿಲ್ಲ ಎಂದರು. ನೋಡಿದರೆ ಮುಚ್ಚಳದ ರಬ್ಬರನ್ನೇ ಹಾಕಿಲ್ಲ. "ನಂದೇ ತಪ್ಪು ಸಾರ್" ಎಂದೆ. "ನೀವೇನು ಮಾಡಿದ್ರಿ?" ಎಂದು ಮೇಷ್ಟ್ರು ಕೇಳಿದರು. ನಾನು ಶಾಲೆಯಲ್ಲಿ ನಿಂತ ಹಾಗೆ ಕೈಕಟ್ಟಿ ನಿಂತುಬಿಟ್ಟೆ.

ನಿಜವಾಗಿ ತಪ್ಪು ಮಾಡಿದ ದಿನ ಆ ಎರಡು ಮಾತು ನನ್ನ ಬಾಯಿಗೆ ಬರಲಿಲ್ಲ. ಅದನ್ನು ಹೇಳಲೆಂದೇ ಇಷ್ಟು ಸುತ್ತಾಡಿದೆ.

ಹುಳಿಯಾರಿನ ಆಚೆಯ ಹಟ್ಟಿಯಿಂದ ಈರಜ್ಜಿ ಎಂಬ ಮುದುಕಿ ಒಂದು ಹಿತ್ತಾಳೆ ತಂಬಿಗೆ ತಂದು ಕೊಟ್ಟಿದ್ದಳು. ಕುರಿ ಸಾಕುವ ಮನೆಯವಳು. ತಂಬಿಗೆಯ ತಳ ಸೋರುತ್ತಿತ್ತು, ಬೆಸುಗೆ ಹಾಕಿಸಬೇಕಿತ್ತು. ಅಕ್ಕ ಅವಳ ಎದುರಿಗೇ ಚಿಪ್ಪು ಒಡೆದು, ಕಣ್ಣಿನ ಹೋಳನ್ನು ಕಂಠಕ್ಕೆ ಕಟ್ಟಿ, ಇನ್ನೊಂದನ್ನು ಅಜ್ಜಿಯ ಕೈಗಿಟ್ಟಳು. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು. ತಂಬಿಗೆ ಬೆಸುಗೆಯಾಗಿ ಬಂದು ನಮ್ಮ ಶೆಲ್ಫಿನಲ್ಲಿ ಕೂತಿತು.

ಅದು ಮಳೆಯ ತಿಂಗಳು. ಒಂದು ಶುಕ್ರವಾರ ಸಂಜೆ ಅಕ್ಕ ಊರಲ್ಲಿರಲಿಲ್ಲ. ತುರುವೇಕೆರೆಗೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದಳು. ಅಂಗಡಿಯಲ್ಲಿ ದೀಪ ಹಚ್ಚಿ ಧೂಪ ಹಾಕುವುದು ನನ್ನ ಪಾಲಿಗೆ ಬಂತು. ಧೂಪಕ್ಕೆ ಚಿಪ್ಪಿನ ಕೆಂಡ ಬೇಕು. ಹಿತ್ತಲಿನ ಮೂಟೆ ನೆನೆದು ತೊಪ್ಪೆಯಾಗಿತ್ತು. ಶೆಲ್ಫಿನ ಮೂಲೆಯಲ್ಲಿ ಒಂದು ಒಣ ಹೋಳು ಬಿದ್ದಿದ್ದು ಕಂಡಿತು. ಗಿರಾಕಿ ಪಾತ್ರೆ ಬಿಡಿಸಿಕೊಂಡು ಹೋದ ಮೇಲೆ ಉಳಿಯುವ ಹೋಳುಗಳನ್ನು ನಾವು ಧೂಪಕ್ಕೆ ಬಳಸುವುದು ವಾಡಿಕೆ. ಇದೂ ಅಂಥದ್ದೇ ಇರಬೇಕೆಂದು ತಿರುಗಿಸಿಯೂ ನೋಡದೆ ಬೆಂಕಿ ಹಚ್ಚಿದೆ. ಚೆನ್ನಾಗಿ ಉರಿಯಿತು. ಅಂಗಡಿ ತುಂಬ ಹೊಗೆಯಾಡಿಸಿ, ಕೈಮುಗಿದು ತಿರುಗಿದರೆ ಈರಜ್ಜಿಯ ತಂಬಿಗೆಯ ಕಂಠದಲ್ಲಿ ಬರೀ ದಾರ ನೇತಾಡುತ್ತಿತ್ತು. ಅದರಿಂದ ಕಳಚಿ ಬಿದ್ದ ಹೋಳನ್ನೇ ನಾನು ಸುಟ್ಟಿದ್ದೆ.

ಆಗ ನಾನು ಮಾಡಬೇಕಾಗಿದ್ದು ಏನೂ ಇರಲಿಲ್ಲ. ಅಕ್ಕ ಬಂದ ಮೇಲೆ ಹೀಗಾಯಿತು ಎಂದಿದ್ದರೆ ಮುಗಿಯುತ್ತಿತ್ತು. ತಂಬಿಗೆಯನ್ನು ಹಾಗೇ ಬೆತ್ತಲೆ ಬಿಟ್ಟಿದ್ದರೂ ಮುಗಿಯುತ್ತಿತ್ತು. ಅಜ್ಜಿ ಬಂದು ಗುರುತು ಹೇಳಿ ಒಯ್ಯುತ್ತಿದ್ದಳು. ಆದರೆ ನನಗೆ ಚಿಕ್ಕಂದಿನಿಂದ ಒಂದು ಬಿರುದಿದೆ: ಸರೋಜಿಯ ಕೈಗೆ ಕೊಟ್ಟದ್ದು ಉಳಿಯುವುದಿಲ್ಲ. ಅದನ್ನು ಐವತ್ತು ದಾಟಿದ ಮೇಲೂ ಹೊತ್ತುಕೊಂಡು ತಿರುಗುತ್ತಿದ್ದೆ. ಇನ್ನೊಂದು ಸಲ ಕೇಳಿಸಿಕೊಳ್ಳುವುದು ಬೇಡವೆಂದು ಬೇರೊಂದು ಚಿಪ್ಪು ಒಡೆದು, ಕಣ್ಣಿನ ಹೋಳನ್ನು ತಂಬಿಗೆಗೆ ಕಟ್ಟಿ, ಉಳಿದದ್ದನ್ನು ಬೀದಿಗೆ ಎಸೆದೆ. ನೋಡಲು ಮೊದಲಿನ ಹಾಗೇ ಕಂಡಿತು. ಜಾಣತನವಾಯಿತು ಎಂದುಕೊಂಡೆ. ಅಂಚಿನ ವಿಷಯ ನನ್ನ ತಲೆಗೆ ಬರಲೇ ಇಲ್ಲ ಎಂದರೆ ನೀವು ನಂಬುತ್ತೀರೋ ಇಲ್ಲವೋ. ಹುಟ್ಟಿದಾಗಿನಿಂದ ಆ ಅಂಗಡಿಯಲ್ಲೇ ಬೆಳೆದವಳು ನಾನು.

ಹದಿನೈದು ದಿನ ಬಿಟ್ಟು ಈರಜ್ಜಿ ಬಂದಳು. ಅಂಗಡಿಯಲ್ಲಿ ಮೂರು ನಾಲ್ಕು ಜನ ಗಿರಾಕಿಗಳಿದ್ದರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಹೋಳು ಕೊಟ್ಟಳು. ಅಕ್ಕ ತಂಬಿಗೆ ಇಳಿಸಿ ಅಂಚಿಗೆ ಅಂಚು ಹಿಡಿದಳು. ಕೂಡಲಿಲ್ಲ. ತಿರುಗಿಸಿ ಹಿಡಿದಳು. ಕೂಡಲಿಲ್ಲ.

"ಅದೇ ಕಣವ್ವ ನಂದು" ಎಂದಳು ಅಜ್ಜಿ. "ಕಂಠದತ್ರ ಎಳ್ಳುಕಾಳಷ್ಟು ತೇಪೆ ಐತೆ ನೋಡು."

ತೇಪೆ ಇತ್ತು. ಆದರೆ ನಮ್ಮ ಸೀಮೆಯ ಹಳೇ ತಂಬಿಗೆಗಳಲ್ಲಿ ಕಂಠದ ತೇಪೆ ಇಲ್ಲದ್ದು ಅಪರೂಪ. ಚಿಪ್ಪೇ ಇಲ್ಲದಿದ್ದರೆ ಮಾತು ನಂಬಬಹುದು. ಕೈಯಲ್ಲಿರುವ ಚಿಪ್ಪು ಒಂದು, ಪಾತ್ರೆಯ ಮೇಲಿರುವುದು ಇನ್ನೊಂದು ಎಂದರೆ ಆ ಪಾತ್ರೆಗೆ ಬೇರೆ ವಾರಸುದಾರರು ಎಲ್ಲೋ ಇದ್ದಾರೆ ಎಂದು ಅರ್ಥ. ಅಂಥದ್ದನ್ನು ಕೊಡಬಾರದು ಎಂಬುದು ಅಪ್ಪನ ಕಾಲದ ಕಟ್ಟು. ಅಕ್ಕ ಅಜ್ಜಿಗೆ ಸ್ಟೂಲು ಹಾಕಿದಳು, ನೀರು ಕೊಟ್ಟಳು.

"ಅಜ್ಜಿ, ಇದು ಬ್ಯಾರೇರದ್ದು ಇದ್ದಂಗೈತೆ. ಒಂದೇ ಥರ ಎರಡು ಬಂದಿರ್ಬೇಕು. ನಿಮ್ದನ್ನ ನಾನೇ ಎಲ್ಲೋ ತಪ್ಪಿಸಿ ಕೊಟ್ಬುಟ್ಟಿದೀನಿ. ನಂದೇ ತಪ್ಪು, ಬೇಜಾರು ಮಾಡ್ಕಬ್ಯಾಡಿ."

ಶೆಲ್ಫಿನಿಂದ ದಪ್ಪ ತಳದ ಹೊಸ ಹಿತ್ತಾಳೆ ತಂಬಿಗೆ ತೆಗೆದು, ಒರೆಸಿ, ಎರಡೂ ಕೈಯಲ್ಲಿ ಅಜ್ಜಿಗೆ ಕೊಟ್ಟಳು. ನಿಂತಿದ್ದ ಗಿರಾಕಿಗಳಲ್ಲಿ ಒಬ್ಬಾಕೆ, "ಎಂಥಾ ಅಂಗಡಿಯವರವ್ವ! ನಮ್ಮೂರಲ್ಲಾಗಿದ್ರೆ ಅಟ್ಬುಡೋರು" ಎಂದಳು. ಈರಜ್ಜಿ ಹಳೇ ತಂಬಿಗೆಯನ್ನೊಮ್ಮೆ, ಅಕ್ಕನನ್ನೊಮ್ಮೆ, ಕೈಯಲ್ಲಿದ್ದ ಹೋಳನ್ನೊಮ್ಮೆ ನೋಡಿದಳು. "ನನಗೇ ಅಂದಾಜು ತಪ್ತೇನೋ" ಎಂದುಕೊಂಡು ಮೆಟ್ಟಿಲಿಳಿದಳು. ನಾನು ಅಷ್ಟು ಹೊತ್ತೂ ಚಮಚಗಳನ್ನು ಎಣಿಸುತ್ತಿದ್ದೆ. ಅವನ್ನು ಎಣಿಸಬೇಕಾದ ಕೆಲಸವೇ ಇರಲಿಲ್ಲ.

ಅಜ್ಜಿ ಹೋದ ಮೇಲೆ ಅಕ್ಕ ತಂಬಿಗೆ ಹಿಡಿದು ದಾರ ನೋಡುತ್ತಾ ಕೂತಳು. ಅವಳ ಗಂಟು ಎರಡು ಸುತ್ತಿನದು, ನೋಡಿದರೆ ಮೊಗ್ಗಿನ ಹಾಗಿರುತ್ತದೆ. ನನ್ನದು ಕರು ಕಟ್ಟುವ ಗಂಟು.

"ಸರೂ, ಈ ತಂಬಿಗೆ ನೀನೇನಾದ್ರೂ ಮುಟ್ಟಿದ್ಯೇನೇ?"

"ಇಲ್ವಲ್ಲಕ್ಕ" ಎಂದೆ.

ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದವಳು ಬೇರೆ ಯಾರೋ ಎನ್ನಿಸಿತು. ಅಕ್ಕ ಮತ್ತೆ ಕೇಳಲಿಲ್ಲ. ನನ್ನ ಮಾತನ್ನು ಅನುಮಾನಿಸಬಹುದೆಂಬ ಯೋಚನೆಯೇ ಅವಳಿಗೆ ಬರಲಿಲ್ಲ. ಹಾಗಾಗಿ ಅವಳು ಅನುಮಾನಿಸಿದ್ದು ತನ್ನನ್ನೇ. ಆ ತಂಬಿಗೆಗೆ ವಾರಸುದಾರರು ಬರುತ್ತಾರೆಂದು ದಸರಾವರೆಗೆ ಕಾದಳು, ದೀಪಾವಳಿವರೆಗೆ ಕಾದಳು. ಯಾರು ಬರುತ್ತಾರೆ? ಅಕ್ಕ ಒಂದು ದಿನ, "ನಾನು ಯಾರ ಚಿಪ್ಪು ಯಾವುದಕ್ಕೆ ಕಟ್ಟಿದ್ನೋ ಗ್ಯಾಪಕಾನೇ ಬರ್ತಿಲ್ಲ ಕಣೇ. ಈ ಗಂಟು ನಾನು ಹಾಕಿದ್ದು ಅಂತಾನೂ ಅನ್ನಿಸ್ತಿಲ್ಲ" ಎಂದಳು. ಆಗಲೂ ನಾನು ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಎಂಬುದಕ್ಕೆ ನಮ್ಮ ಅಂಗಡಿಯಲ್ಲಿ ಯಾವ ಚಿಪ್ಪೂ ಕಟ್ಟಿರಲಿಲ್ಲ, ಬಿಡಿಸಿಕೊಳ್ಳಲು ಬರುವವರೂ ಇರಲಿಲ್ಲ.

ಇದನ್ನು ಓದುವಾಗ ನಿಮಗೆ ಒಂದು ಸಂಗತಿ ಗೊತ್ತಿರಬೇಕು. ನಮ್ಮವ್ವ ಕೊನೆಯ ವರ್ಷಗಳಲ್ಲಿ ಎಲ್ಲವನ್ನೂ ಮರೆತಿದ್ದಳು. ಮೊದಲು ಒಲೆಯ ಮೇಲಿಟ್ಟ ಹಾಲು, ಆಮೇಲೆ ಬೀದಿ, ಆಮೇಲೆ ನಾವು. ಅವಳನ್ನು ನೋಡಿಕೊಂಡವಳು ಅಕ್ಕ. ಆ ಕಾಯಿಲೆಯ ಮೊದಲ ಹೆಜ್ಜೆ ಹೇಗಿರುತ್ತದೆಂದು ಅವಳಷ್ಟು ಚೆನ್ನಾಗಿ ಬಲ್ಲವರಿಲ್ಲ. ಈಗ ಅದೇ ಹೆಜ್ಜೆ ತನ್ನ ಮನೆಯೊಳಗೆ ಕೇಳಿಸುತ್ತಿದೆ ಎಂದು ಅವಳು ನಂಬಿಬಿಟ್ಟಳು. ಅಂಗಡಿಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆದು ತಿರುಗಿ ಬಂದು ಜಗ್ಗಿ ನೋಡುವಳು. ಸಕ್ಕರೆ ಹಾಕಿದ ಕಾಫಿಗೆ ಹಾಕಿದೆನೋ ಇಲ್ಲವೋ ಎಂದು ರುಚಿ ನೋಡುವಳು. ಕೊನೆಗೆ, "ಇನ್ಮೇಲೆ ಗಲ್ಲಾದಲ್ಲಿ ನೀನು ಕೂತ್ಕೊ. ರಿಪೇರಿ ಇಸ್ಕೊಳ್ಳೋದು ಬ್ಯಾಡ. ಬಡವರ ಪಾತ್ರೆ, ನನ್ನ ಕೈಲಿ ಹಾಳಾಗೋದು ಬ್ಯಾಡ" ಎಂದು ಒಳಕೋಣೆ ಸೇರಿ ಪಾತ್ರೆ ಒರೆಸುತ್ತಾ ಕೂತಳು.

ನಾನು ಅಕ್ಕನ ಜಾಗದಲ್ಲಿ ಕೂತೆ. ಬಂದವರು ನನ್ನ ಭುಜದ ಮೇಲಿಂದ ಇಣುಕಿ, "ಗಿರಿಜಕ್ಕ ಇಲ್ವಾ?" ಎನ್ನುವರು. ಯಾರಾದರೂ ತಪ್ಪು ಹೇಳಿದರೆ ನಾನು ಬಾಯಿ ಬಿಡುವ ಮೊದಲೇ ಜಗಳವಾಗುತ್ತಿತ್ತು. ಬಾಂಡಲಿ ಹಿಂತಿರುಗಿಸಲು ಬಂದ ಹೆಂಗಸೊಬ್ಬಳು, "ಆ ಯಮ್ಮ ಇದ್ದಾಗ ಬೈಸ್ಕಂಡು ಹೋದ್ರೂ ಹೊಗಳಿಸ್ಕಂಡಂಗೆ ಇರ್ತಿತ್ತು. ನೀನು ಹೊಗಳಿದ್ರೂ ಬೈದಂಗೈತೆ" ಎಂದಳು. ನಿಜವೇ. ನನಗೆ ಕೋಪ ಬಂದಿತ್ತೋ ಅಳು ಬಂದಿತ್ತೋ ನನಗೇ ತಿಳಿಯದ ದಿನಗಳು ಅವು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕ ಒಳಕೋಣೆಯಿಂದ ಬಂದು, "ತಿಪಟೂರಲ್ಲಿ ನೆನಪಿನ ಕಾಯಿಲೆ ನೋಡೋ ಡಾಕ್ಟ್ರು ಇದಾರಂತೆ. ನನ್ನ ಜೊತೆ ಬತ್ತೀಯೇನೇ? ಒಬ್ಳೇ ಹೋಗಕ್ಕೆ ಭಯ" ಎಂದಳು. ಅಕ್ಕನ ಬಾಯಲ್ಲಿ ಭಯ ಎಂಬ ಮಾತನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ.

"ಅಕ್ಕ, ಡಾಕ್ಟ್ರು ಬ್ಯಾಡ. ಆ ಚಿಪ್ಪು ಸುಟ್ಟಿದ್ದು ನಾನು. ಬೇರೆ ಕಟ್ಟಿದ್ದೂ ನಾನೇ. ನಂದೇ ತಪ್ಪು ಕಣಕ್ಕ."

ಐದು ತಿಂಗಳು ಎದೆಯಲ್ಲಿ ಹೊತ್ತದ್ದನ್ನು ಕೊನೆಗೂ ಇಳಿಸಿದೆ. ಅಕ್ಕ ನನ್ನನ್ನು ನೋಡಿ ನಕ್ಕಳು. ಫ್ಲಾಸ್ಕಿನ ಯಜಮಾನರಿಗೆ ಹೇಳಿದ್ದಳಲ್ಲ, ಅಷ್ಟೇ ಮೆತ್ತಗೆ ಹೇಳಿದಳು.

"ಆಯ್ತು ಬುಡು. ನಂಗೇ ಕಲಿಸ್ತೀಯೇನೇ ಈ ವಿದ್ಯೆ? ಜನಕ್ಕೆ ಹಿಂಗೆ ಹೇಳಿ ಹೇಳಿ ನನ್ ಕೂದ್ಲು ಬೆಳ್ಳಗಾಗೈತೆ."

"ನಿಜವಾಗ್ಲೂ ಕಣಕ್ಕ! ಶುಕ್ರವಾರ ಧೂಪಕ್ಕೆ..."

"ಹೂಂ ಹೂಂ, ಧೂಪಕ್ಕೆ. ಒಳ್ಳೇದಾಯ್ತು, ದೇವ್ರಿಗಾದ್ರೂ ಸಿಕ್ತು" ಎಂದು ನನ್ನ ಕೆನ್ನೆ ತಟ್ಟಿದಳು. "ನಿನ್ನ ಮನಸ್ಸು ಒಳ್ಳೇದು ಕಣೇ ಸರೂ."

ನಾನು ತಬ್ಬಿಬ್ಬಾದೆ. ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ನಂಬಿದವಳು ನಿಜ ಹೇಳಿದರೆ ನಂಬುತ್ತಿಲ್ಲ. ದೇವರ ಮೇಲೆ ಆಣೆ ಇಟ್ಟೆ. "ಪಾಪ, ನನಗೋಸ್ಕರ ಆಣೆ ಬ್ಯಾರೆ ಇಡ್ತಾಳೆ" ಎಂದು ಕಣ್ಣೊರೆಸಿಕೊಂಡಳು. ಅವಳ ಕಣ್ಣಲ್ಲಿ ನಾನು ದಿನದಿಂದ ದಿನಕ್ಕೆ ಒಳ್ಳೆಯವಳಾಗುತ್ತಾ ಹೋಗುವುದನ್ನು ನೋಡುವುದಕ್ಕಿಂತ ದೊಡ್ಡ ಶಿಕ್ಷೆಯನ್ನು ನಾನು ಕಂಡಿಲ್ಲ.

ಯೋಚಿಸಿ ಯೋಚಿಸಿ ಒಂದು ಹೊಳೆಯಿತು. ಈ ವಿಷಯದಲ್ಲಿ ನಮ್ಮ ಮರ್ಯಾದೆ ಗಿರ್ಯಾದೆ ಏನನ್ನೂ ಹಚ್ಚಿಕೊಳ್ಳದ ಹೆಂಗಸು ಒಬ್ಬಳೇ, ಈರಜ್ಜಿ. ಅವಳೆದುರು ಒಪ್ಪಿಕೊಂಡರೆ ಅಕ್ಕ ನಂಬಲೇಬೇಕು. ಡಾಕ್ಟರ ಹತ್ತಿರ ಹೋಗುವ ಮೊದಲು ಆ ತಂಬಿಗೆಯನ್ನು ಅಜ್ಜಿಗೇ ಕೊಟ್ಟು ಬರೋಣ, ಹೇಗೂ ಯಾರೂ ಬರಲಿಲ್ಲ ಎಂದೆ. ಅಕ್ಕ ಒಪ್ಪಿದಳು. ಹುಳಿಯಾರಿಗೆ ಪ್ರೈವೇಟ್ ಬಸ್ಸು, ಅಲ್ಲಿಂದ ಆಟೋ. ಹಟ್ಟಿಯಲ್ಲಿ ಈರಜ್ಜಿಯ ಮನೆ ಕೇಳಿದ್ದಕ್ಕೆ ಒಬ್ಬ ಹೆಂಗಸು ಗಲ್ಲ ಎತ್ತಿ ತೋರಿಸಿದಳು. ಕುರಿ ರೊಪ್ಪದ ಪಕ್ಕದಲ್ಲಿ ಅಜ್ಜಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ನಮ್ಮನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಏನೂ ಕೇಳದೆ ಒಳಗೆ ಹೋಗಿ ನಾವು ಕೊಟ್ಟಿದ್ದ ಹೊಸ ತಂಬಿಗೆ ತಂದು ನಮ್ಮ ಮುಂದೆ ಇಟ್ಟಳು. ಅದರ ಕಂಠಕ್ಕೆ ಚಿಪ್ಪಿನ ಹೋಳನ್ನು ಕಟ್ಟಿದ್ದಳು.

"ಇದ್ರಲ್ಲಿ ಒಂದು ತೊಟ್ಟು ನೀರು ಕುಡುದಿಲ್ಲ. ನಂದಲ್ಲದ್ದು ನಂಗ್ಯಾಕೆ?"

ಅಕ್ಕ ಬಾಯಿ ತೆರೆದಳು. "ಅಜ್ಜಿ, ನಂದೇ..."

"ಅಕ್ಕ, ನೀನು ಸುಮ್ನಿರು" ಎಂದು ನಾನು ಅಡ್ಡ ಬಂದೆ. ಚೀಲದಿಂದ ಹಳೇ ತಂಬಿಗೆ ತೆಗೆದು ಅಜ್ಜಿಯ ಕೈಗೆ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಮಳೆ, ಮೂಟೆ, ಧೂಪ, ಕರು ಗಂಟು, ಒಂದನ್ನೂ ಬಿಡಲಿಲ್ಲ.

ಈರಜ್ಜಿ ತಂಬಿಗೆಯ ತಳವನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಶುರು ಮಾಡಿದಳು. ಎಲ್ಲವನ್ನೂ ಇಲ್ಲಿ ಬರೆಯಲಾರೆ. "ಥೂ ನಿನ್ನ! ಇಷ್ಟು ವಯಸ್ಸಾಗೈತೆ, ಚಿಪ್ಪು ಯಾವ್ದು ಸೌದೆ ಯಾವ್ದು ಗೊತ್ತಾಗಲ್ವೇನೇ? ನಮ್ಮವ್ವ ಕೊಟ್ಟಿದ್ದು ಕಣೇ ಇದು! ಅವತ್ತೇ ಅನ್ಕಂಡೆ, ಈ ಹೆಂಗ್ಸು ತಲೆ ಎತ್ತುತಿಲ್ಲ, ಬರೀ ಚಮಚ ಎಣಿಸ್ತಾವ್ಳೆ, ಏನೋ ಐತೆ ಇವಳತ್ರ ಅಂತ."

ಅಕ್ಕ ತಟ್ಟನೆ ನನ್ನ ಕಡೆ ತಿರುಗಿದಳು.

ಅಜ್ಜಿ ಈಗ ಅವಳನ್ನು ಹಿಡಿದಳು. "ನಿಂಗೂ ಹೇಳ್ತೀನಿ ಕೇಳವ್ವ. ಅವತ್ತು ನೀನು, ಹೋಗಜ್ಜಿ ಸುಳ್ಳಿ ಅಂತ ಬೈದಿದ್ರೆ ನಾನೂ ಬೈದು, ಕಿತ್ತಾಡಿ, ನಂದು ಇಸ್ಕಂಡೇ ಬತ್ತಿದ್ದೆ. ನೀನು ಕೂರಿಸಿ, ನೀರು ಕೊಟ್ಟು, ಅಷ್ಟು ಚೆನ್ನಾಗಿ ಮಾತಾಡ್ದೆ. ನಂಗೇ ಅನುಮಾನ ಬಂತು. ನಮ್ಮವ್ವನ ತಂಬಿಗೆ ನಂಗೇ ಗುರ್ತು ಸಿಗ್ನಿಲ್ವಾ, ಅರಳುಮರಳು ಹಿಡೀತಾ ಅಂತ ಇಷ್ಟು ದಿನ ಸರ್ಯಾಗಿ ಉಂಡಿಲ್ಲ ನಾನು."

ಅಕ್ಕ ಬಿಳುಚಿಕೊಂಡಳು. ಅವಳ ಮೂವತ್ತು ವರ್ಷದ ವಿದ್ಯೆಗೆ ಇಂಥ ಇನ್ನೊಂದು ಮಗ್ಗುಲಿದೆ ಎಂದು ಅವಳೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಅವಳು ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ನಂದೇ ತಪ್ಪು ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಸುಮ್ಮನೆ ಹಿಡಿದುಕೊಂಡು ನಿಂತಳು. ಅಜ್ಜಿಯೇ ಕೈ ಬಿಡಿಸಿಕೊಂಡು, ಬೈದ ಬಾಯಲ್ಲೇ ಮಜ್ಜಿಗೆ ಕುಡಿದು ಹೋಗಿ ಎಂದಳು. ತನ್ನ ತಂಬಿಗೆಯಲ್ಲೇ ತಂದು ಕೊಟ್ಟಳು. ತಳ ಸೋರಲಿಲ್ಲ.

ಹಟ್ಟಿಯಿಂದ ರಸ್ತೆಗೆ ಬರುವಾಗ ಅಕ್ಕ ನನ್ನನ್ನು ಬಿಟ್ಟು ಬಿರಬಿರನೆ ಮುಂದೆ ನಡೆದಳು. ಜಾಲಿ ಮರದ ಹತ್ತಿರ ಬಂದದ್ದೇ ನಿಂತು, "ಐದು ತಿಂಗ್ಳು!" ಎಂದಳು. ಆಮೇಲೆ ಕೂಗಿದಳು. ಯಾವ ಗಿರಾಕಿಯ ಮೇಲೂ ದನಿ ಎತ್ತದವಳು, ಇಡೀ ಬಯಲಿಗೆ ಕೇಳುವ ಹಾಗೆ ಕೂಗಿದಳು. "ಬೀಗ ಜಗ್ಗಿ ಜಗ್ಗಿ ನನ್ ಕೈ ನೋವು ಬಂದೈತೆ ಕಣೇ ಲೌಡಿ! ಕಾಫಿ ಕುಡಿಯಕ್ಕೆ ಹೆದ್ರಿದೀನಿ! ನೋಡ್ಕಂಡು ಸುಮ್ನಿದ್ದೆಯಲ್ಲೇ!" ನಾನು ಎರಡೂ ಕೈ ಜೋತುಬಿಟ್ಟು ನಿಂತೆ. ಬೈಗುಳ ಬಿದ್ದಷ್ಟೂ ಮೈ ಹಗುರವಾಗುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಇದಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ. ಕುರಿ ಮೇಯಿಸುತ್ತಿದ್ದವನೊಬ್ಬ ಕೋಲು ಊರಿಕೊಂಡು ನಮ್ಮಿಬ್ಬರನ್ನೂ ನೋಡುತ್ತಾ ನಿಂತ.

ಬಸ್ಸು ಬಂತು. ಅಕ್ಕ ಮುಂದಿನ ಬಾಗಿಲಲ್ಲಿ ಹತ್ತಿ ಕಿಟಕಿಯ ಪಕ್ಕ ಕೂತು, ನಾನು ಕೂರದ ಹಾಗೆ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಳು. ನಾನು ಅವಳ ಹಿಂದಿನ ಸೀಟಿನಲ್ಲಿ ಕೂತೆ. ಕಂಡಕ್ಟರು ಬಂದು ನಮ್ಮಿಬ್ಬರ ಮುಖ ನೋಡಿದ. ಅಕ್ಕತಂಗಿಯರೆಂದು ಯಾರಿಗಾದರೂ ಗೊತ್ತಾಗುವ ಹಾಗಿದ್ದೇವೆ.

"ಎಲ್ಲಿಗಮ್ಮ, ಇಬ್ರಿಗೂ ಒಟ್ಟಿಗೇನಾ?"

"ನಂಗೊಂದೇ ಕೊಡಪ್ಪ, ಚಿಕ್ನಾಯ್ಕನಳ್ಳಿ" ಎಂದಳು ಅಕ್ಕ. ಹಿಂದಕ್ಕೆ ತಿರುಗದೆ ಹೆಬ್ಬೆರಳಿನಲ್ಲಿ ನನ್ನ ಕಡೆ ತೋರಿಸಿದಳು. "ಆ ಹೆಂಗ್ಸು ಯಾರೋ ನಂಗೆ ಗ್ಯಾಪಕ ಇಲ್ಲ."

ಕಂಡಕ್ಟರು ಗಾಬರಿಯಿಂದ ನನ್ನನ್ನು ನೋಡಿದ. ಅಕ್ಕನ ಭುಜ ಅಲುಗುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ಹಿಂದಿನ ಸೀಟಿನಿಂದ ಕಾಣಿಸುತ್ತಿರಲಿಲ್ಲ. ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡು, ನನ್ನ ಟಿಕೆಟ್ಟನ್ನು ನಾನೇ ಕೇಳಿ ತೆಗೆದುಕೊಂಡೆ.